ಪಕ್ಕದ ಮನೆಯ ‘ಕೂಡದು’ಗಳು

ನನ್ನ ಹಣೆಯಲ್ಲಿ ಕಟ್ಟುಪಾಡಿಲ್ಲದ ಮನೆ ಅಂತ ಬರೆದೇ ಇಲ್ಲ. ಮದುವೆಗೆ ಮುಂಚೆ ಹಾಸನದಲ್ಲಿ ಅಮ್ಮ, ಮದುವೆಯಾದ ಮೇಲೆ ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಅತ್ತೆ, ‘ಅದು ಮಾಡಬಾರದು, ಇದು ಮುಟ್ಟಬಾರದು’ ಎಂದು ಹಿಂದೆ ಬಿದ್ದಿದ್ದರು. ಸದ್ಯ ತಪ್ಪಿಸಿಕೊಂಡೆ ಅಂದುಕೊಂಡು ಅಮೆರಿಕದ ಸಾಂಟಾ ಕ್ಲಾರಾಕ್ಕೆ ಬಂದು ಟೌನ್‌ಹೌಸು ಕೊಂಡರೆ ಪಕ್ಕದ ಮನೆಯಲ್ಲಿ ಬಿಬಿಕ್ ಇದ್ದರು. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಹಾಗಾಗಿ ನಾನೀಗ ಹೇಳಲಿರುವಂಥವು ನಡೆಯುತ್ತಲೇ ಇರುತ್ತವೆ, ನಾನೇನೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಬಿಬಿಕ್ ಅನ್ನುವುದು ಹೆಸರಲ್ಲ, ಹಿರಿಯ ಹೆಂಗಸರನ್ನು ಅವರ ಕಡೆ ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ. ಊರು ಮಲೇಷ್ಯಾದ ಮಲಾಕಾ, ಜನ ಪೆರನಾಕನ್. ನೂರಾರು ವರ್ಷದ ಹಿಂದೆ ವ್ಯಾಪಾರಕ್ಕೆಂದು ಚೀನಾದಿಂದ ಹಡಗು ಹತ್ತಿ ಬಂದವರು ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಅಲ್ಲೇ ಉಳಿದುಬಿಟ್ಟರಂತೆ, ಇವರು ಆ ಸಂತಾನ. ದೇವರು ಚೀನಾದ್ದು, ಮಾತು ಮಲಯ, ಅಡುಗೆ ಎರಡೂ ಬೆರೆತದ್ದು. ಮಾಡಕೂಡದ ಕೆಲಸಕ್ಕೆ ‘ಪಾಂತಾಂಗ್’ ಅನ್ನುತ್ತಾರೆ. ಅಪ್ಪನ ಕಡೆಯ ಪಾಂತಾಂಗೂ ಬಂತು, ಅಮ್ಮನ ಕಡೆಯದ್ದೂ ಬಂತು, ಪುಣ್ಯಾತ್ಮರು ಒಂದನ್ನೂ ಕೈಬಿಟ್ಟಿಲ್ಲ. ಮೊದಮೊದಲು ನಾನು ನಗುತ್ತಿದ್ದೆ. ಆಮೇಲಾಮೇಲೆ ಬಾಯಿ ಬಿಟ್ಟುಕೊಂಡು ನೋಡುವುದೇ ಆಯಿತು. ಬಿಬಿಕ್ ಮಾತಾಡುವುದು ಇಂಗ್ಲಿಷಿನಲ್ಲಿ, ನಾನು ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ, ಅಷ್ಟೇ.

ಅಡುಗೆಮನೆಯಲ್ಲಿ ಹಾಡು

ಈ ಮನೆಗೆ ಬಂದ ಹೊಸದು. ಕಿಟಕಿ ತೆಗೆದು, ಚಪಾತಿ ಬೇಯಿಸುತ್ತಾ, ನನ್ನ ಪಾಡಿಗೆ ನಾನು ಹಾಡಿಕೊಳ್ಳುತ್ತಿದ್ದೆ. ನನಗೆ ಕಂಠ ಚೆನ್ನಾಗಿದೆ ಎಂದು ಇದುವರೆಗೆ ಯಾರೂ ಹೇಳಿಲ್ಲ, ಆದರೆ ಚಪಾತಿಗಳಿಂದ ದೂರು ಬಂದಿರಲಿಲ್ಲ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಎದುರಿಗೆ ಒಬ್ಬ ಸಣ್ಣ ಅಜ್ಜಿ. ಹೂಬಳ್ಳಿ ಚಿತ್ರದ, ಲುಂಗಿಯಂಥ ಸರೋಂಗು ಉಟ್ಟು, ಮೇಲೆ ಕಸೂತಿಯ ತೆಳು ರವಿಕೆ ತೊಟ್ಟು, ತುರುಬನ್ನು ನೆತ್ತಿಯ ಮೇಲೆ ಬಿಗಿದು ಕಟ್ಟಿದ್ದರು.

“ಹಾಡ್ತಿದ್ದವಳು ನೀನೇನಾ?”

ಹೊಗಳಲು ಬಂದಿದ್ದಾರೆ ಅಂದುಕೊಂಡು ಹೌದು ಅಂದೆ.

“ನಿಲ್ಲಿಸು. ಅಡುಗೆ ಮಾಡುವಾಗ ಹೆಣ್ಣುಮಕ್ಕಳು ಹಾಡಬಾರದು. ಹಾಡಿದರೆ ಮುದುಕ ಗಂಡ ಸಿಗ್ತಾನೆ. ಪಾಂತಾಂಗ್.”

ನನಗೆ ನಗು ತಡೆಯಲಾಗಲಿಲ್ಲ. “ನನಗೆ ಮದುವೆಯಾಗಿ ಎಷ್ಟೋ ಕಾಲವಾಯಿತು, ಇನ್ನೇನು ಭಯ?” ಅಂದೆ. ಸರಿಯಾಗಿ ಆ ಹೊತ್ತಿಗೆ ನಮ್ಮನೆಯವರು ಒಳಗಿನಿಂದ ಬಂದರು. ಜೂನ್ ತಿಂಗಳಲ್ಲಿ ಮಂಕಿ ಕ್ಯಾಪು, ಅದರ ಮೇಲೆ ಒಂದು ಕನ್ನಡಕ, ಕಣ್ಣಿಗೆ ಇನ್ನೊಂದು. ಸೊಂಟಕ್ಕೆ ಕೈ ಕೊಟ್ಟುಕೊಂಡು, “ನನ್ನ ಮಂಡಿ ಬೆಲ್ಟು ಎಲ್ಲಿಟ್ಟೆ?” ಎಂದು ಕೇಳಿದರು.

ಬಿಬಿಕ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಕರುಣೆಯಿಂದ ಕೇಳಿದರು: “ಯಾವ ವಯಸ್ಸಿನಿಂದ ಹಾಡ್ತಿದ್ದೀಯಮ್ಮ?”

ಹೊಸ್ತಿಲು

ನಮಗೆ ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಚಿಕ್ಕಂದಿನಿಂದ ಹೊಸ್ತಿಲ ಮೇಲೆ ಕೂತೇ ಶೂ ಲೇಸು ಕಟ್ಟುವವಳು. ಹೊಸ್ತಿಲ ಮೇಲೆ ಕೂರಬೇಡವೇ ಎಂದು ನಾನು ಈ ಕಡೆಯಿಂದ, ಪಾಂತಾಂಗ್ ಎಂದು ಬಿಬಿಕ್ ಆ ಕಡೆಯಿಂದ ಹೇಳುತ್ತಿದ್ದೆವು. ಇಬ್ಬರು ಹೇಳುತ್ತಾರೆ ಎಂದೇ ಬೇಕಂತ ಅಲ್ಲಿ ಕೂರುತ್ತಿದ್ದಳು. ಮದುವೆಯಾಗಿ ರೆಡ್‌ವುಡ್ ಸಿಟಿಯಲ್ಲಿ ಮನೆ ಮಾಡಿದ ಮೇಲೂ ನಮ್ಮಲ್ಲಿಗೆ ಬಂದರೆ ಹೊಸ್ತಿಲೇ ಅವಳ ಕುರ್ಚಿ.

ಅವಳಿಗೆ ಎರಡು ಸಲ ಬಸುರು ನಿಂತು ಎರಡು ಸಲವೂ ಉಳಿದಿರಲಿಲ್ಲ. ಎರಡನೆಯ ಸಲದ ನಂತರ ಅವಳು ಆ ವಿಷಯ ಆಡುವುದನ್ನೇ ಬಿಟ್ಟಳು. ನಾವೂ ಎತ್ತುತ್ತಿರಲಿಲ್ಲ.

ಹೋದ ವರ್ಷ ಗಣೇಶನ ಹಬ್ಬಕ್ಕೆ ಬಂದಳು, ಕಡುಬು ತಿಂದಳು, ಹೊರಟಳು. ಅವಳ ಕಾರು ತಿರುವು ದಾಟಿತ್ತೋ ಇಲ್ಲವೋ, ಬಿಬಿಕ್ ಬೇಲಿಯ ಹತ್ತಿರ ಬಂದು ನಿಂತರು.

“ನಿನ್ನ ಮಗಳಿಗೆ ಹೇಳು, ಹಾಸಿಗೆಯ ಮೇಲೆ ಕತ್ತರಿ ಇಡಬಾರದು. ಮಂಚ ಜರುಗಿಸಬಾರದು. ಹಗ್ಗ ದಾಟಬಾರದು.”

“ಯಾಕೆ ಬಿಬಿಕ್, ಈಗೇನಾಯಿತು?”

“ನಿನಗೆ ಹೇಳಲಿಲ್ಲವಾ? ಹುಡುಗಿ ಬಸುರಿ.”

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಬಿಬಿಕ್ ನಮ್ಮ ಬಾಗಿಲ ಕಡೆ ಬೆರಳು ತೋರಿಸಿದರು. “ಇವತ್ತು ನಿಂತುಕೊಂಡು ಲೇಸು ಕಟ್ಟಿದಳು. ಗೋಡೆ ಹಿಡಿದುಕೊಂಡು, ಒಂಟಿ ಕಾಲಲ್ಲಿ. ಬಸುರಿ ಹೊಸ್ತಿಲ ಮೇಲೆ ಕೂತರೆ ಹೆರಿಗೆ ಕಷ್ಟ ಅಂತ ನಾನೇ ಅವಳಿಗೆ ಹೇಳಿದ್ದೆ. ಹೊಸ್ತಿಲನ್ನು ನೋಡಿದಳು, ಕೂರಲಿಲ್ಲ.”

ನಾನೂ ಅಲ್ಲೇ ಇದ್ದೆ. ಡಬ್ಬಿಗೆ ಕಡುಬು ತುಂಬಿಕೊಡುವ ಗಡಿಬಿಡಿಯಲ್ಲಿ ಹೆತ್ತ ತಾಯಿಗೆ ಕಾಣದ್ದು ಬೇಲಿಯಾಚೆಯ ಅಜ್ಜಿಗೆ ಕಂಡಿತ್ತು. ಒಳಗೆ ಓಡಿ ಮಗಳಿಗೆ ಫೋನು ಮಾಡಿದೆ. ಅವಳು ಕಾರು ಪಕ್ಕಕ್ಕೆ ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಅಂದಳು: “ಅಮ್ಮ, ನನಗೇ ಇವತ್ತು ಬೆಳಗ್ಗೆ ಗೊತ್ತಾಗಿದ್ದು. ಇನ್ನೂ ನನ್ನ ಗಂಡನಿಗೇ ಹೇಳಿಲ್ಲ.”

ಮೀನು

ಸುದ್ದಿ ಕೇಳಿ ದಸರಾ ಮುಗಿಯುತ್ತಿದ್ದಂತೆ ಅತ್ತೆ ಊರಿನಿಂದ ಬಂದರು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಕಟ್ಟುಪಾಡೇ ಹೆಚ್ಚಿತ್ತು. ಡಾಕ್ಟರು ಓಡಾಟ ಕಡಿಮೆ ಮಾಡು ಎಂದಿದ್ದರಿಂದ ಮಗಳೂ ನಮ್ಮ ಮನೆಗೇ ಬಂದಿದ್ದಳು, ಮಂಚದ ಮೇಲೆ ಕೂತೇ ಆಫೀಸು ಕೆಲಸ. ಅಳಿಯ ವಾರದ ಕೊನೆಗೆ ಬಂದುಹೋಗುತ್ತಿದ್ದ.

ಬಿಬಿಕ್ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಹುಣಸೆಹುಳಿಯ ಖಾರದ ಸಾರಿನಲ್ಲಿ ಒಂದು ಇಡೀ ಮೀನು, ತಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಮಲಗಿತ್ತು. ಮೇಲಿನ ಪಕ್ಕ ಮುಗಿಯಿತು. ನಮ್ಮನೆಯವರು ಧಾರಾಳವಾಗಿ ಚಮಚ ಹಾಕಿ ಮೀನನ್ನು ಮಗುಚಿದರು. ಬಿಬಿಕ್ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

“ಮೀನು ಮಗುಚಬಾರದು. ಮುಳ್ಳು ಎತ್ತಿ ಕೆಳಗಿನದನ್ನು ತಿನ್ನಬೇಕು. ಮಗುಚಿದರೆ ಎಲ್ಲೋ ಒಂದು ದೋಣಿ ಮಗುಚುತ್ತೆ. ಪಾಂತಾಂಗ್.”

ನಮ್ಮನೆಯವರ ಕೆಲಸ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ, ಮಾರುವ ಮೊದಲು ಚಿಪ್ಪುಗಳಲ್ಲಿ ತಪ್ಪು ಹುಡುಕುವುದು. ಹೀಗಾಗಿ ಬಾಯಿ ತೆಗೆದರೆ ‘ಪ್ರೂಫ್ ಎಲ್ಲಿದೆ?’ “ನಮ್ಮ ಹತ್ತಿರ ದೋಣಿಯೇ ಇಲ್ಲವಲ್ಲ ಬಿಬಿಕ್,” ಅಂದರು.

“ಕಾರಿದೆಯಲ್ಲ,” ಅಂದರು ಬಿಬಿಕ್.

ನಾನು ಅತ್ತೆಗೆ ಅರ್ಥ ಹೇಳಿದೆ. ಅವರು ಮಗನ ಕೈಗೆ ಫಟ್ಟನೆ ಒಂದು ಕೊಟ್ಟು, “ಯಾಕ್ಲಾ ಮಗುಚ್ದೆ? ಆಯಮ್ಮ ದೊಡ್ಡೋರು ಯೋಳ್ತಾವ್ರೆ, ನೀನು ಲಾಯರ್‌ಗಿರಿ ಮಾಡ್ತೀಯಾ?” ಎಂದು ಗದರಿದರು. ಆ ಕ್ಷಣದಲ್ಲೇ ಅವರಿಬ್ಬರಿಗೂ ಗೆಳೆತನವಾಯಿತು. ಮಾತು ಒಬ್ಬರದು ಒಬ್ಬರಿಗೆ ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ. ಅತ್ತೆ ಅವರನ್ನು ಬಿಬಮ್ಮ ಎಂದು ಕರೆಯತೊಡಗಿದರು.

ಮಾರನೆಯ ಭಾನುವಾರ ಮಗಳ ಹೆಸರಿನಲ್ಲಿ ಅರ್ಚನೆ ಮಾಡಿಸಲು ಲಿವರ್‌ಮೋರ್ ದೇವಸ್ಥಾನಕ್ಕೆ ಹೊರಟೆವು. ಫ್ರೀವೇ ಮೇಲೆ, ಹಿಂದಿನ ತಿಂಗಳು ತಾನೇ ಹಾಕಿಸಿದ ಹೊಸ ಟೈರು ಢಮಾರ್ ಎಂದಿತು. ಯಾರಿಗೂ ಏನೂ ಆಗಲಿಲ್ಲ. ಕಾರು ಎಳೆದೊಯ್ಯಲು ಬಂದ ಟೋ ಟ್ರಕ್ಕಿನವನು ಟೈರನ್ನು ಸುತ್ತಲೂ ನೋಡಿ, “ಮೊಳೆಯೂ ಇಲ್ಲ, ಗಾಜೂ ಇಲ್ಲ. ಏನು ತಗುಲಿತು?” ಎಂದು ಕೇಳಿದ.

ನಮ್ಮನೆಯವರು ತಲೆ ತಗ್ಗಿಸಿ ಹೇಳಿದರು: “ಮೀನು.”

ತೊಟ್ಟಿಲು

ಒಂದು ಟೈರಿಗೆಲ್ಲ ಸೋಲುವವರಲ್ಲ ನಮ್ಮನೆಯವರು. ಒಂದು ಶನಿವಾರ ಮರದ ತೊಟ್ಟಿಲಿನ ದೊಡ್ಡ ಪೆಟ್ಟಿಗೆ ತಂದರು. ಬಿಡಿ ಬಿಡಿ ಹಲಗೆಗಳನ್ನು ನಾವೇ ಜೋಡಿಸಿಕೊಳ್ಳಬೇಕಾದದ್ದು. ನಡುಮನೆಯಲ್ಲಿ ಎಲ್ಲ ಹರಡಿಕೊಂಡು ಸುತ್ತಿಗೆಯಿಂದ ಒಂದು ಏಟು ಹಾಕಿದರೋ ಇಲ್ಲವೋ, ಬಿಬಿಕ್ ಮನೆಯ ಚಪ್ಪಲಿಯಲ್ಲೇ ಓಡಿಬಂದರು.

“ಬಸುರಿ ಇರುವ ಮನೆಯಲ್ಲಿ ಸುತ್ತಿಗೆ ಹೊಡೆಯಬಾರದು. ಮಗುವಿನ ಜೀವ ಹೊಟ್ಟೆಯೊಳಗೆ ಮಾತ್ರ ಇರುವುದಿಲ್ಲ, ಮನೆಯೆಲ್ಲ ಓಡಾಡುತ್ತಿರುತ್ತೆ. ಈಗ ಯಾವ ಮೂಲೆಯಲ್ಲಿದೆಯೋ ಯಾರಿಗೆ ಗೊತ್ತು?”

ನಾನು ನಿಂತಲ್ಲೇ ಸುತ್ತಲೂ ನೋಡಿದೆ. ಸೋಫಾ, ದೇವರ ಗೂಡು, ಕಿಟಕಿ, ಮೆಟ್ಟಿಲು. ಇದರಲ್ಲಿ ಎಲ್ಲೋ ಒಂದು ಕಡೆ ನಮ್ಮ ಮಗು ಆಡಿಕೊಂಡಿದೆ ಅನ್ನುವ ಮಾತು ನನಗೆ ಮೈ ಜುಮ್ಮೆನ್ನಿಸಿತು. ಕಾಲು ಎತ್ತಿಡುವುದಕ್ಕೂ ಹೆದರಿಕೆಯಾಯಿತು.

“ಪ್ರೂಫ್ ಎಲ್ಲಿದೆ ಬಿಬಿಕ್?” ಅಂದರು ನಮ್ಮನೆಯವರು.

“ಏನೂ ಆಗುವುದಿಲ್ಲ ಅನ್ನುವುದಕ್ಕೆ ನಿನ್ನ ಹತ್ತಿರ ಇದೆಯಾ?”

ನಮ್ಮನೆಯವರು ಸುತ್ತಿಗೆ ಕೆಳಗಿಟ್ಟರು. ಆಫೀಸಿನಲ್ಲಿ ದಿನ ಬೆಳಗಾದರೆ ಅವರು ಬೇರೆಯವರನ್ನು ಕೇಳುವ ಪ್ರಶ್ನೆಯೇ ಅದು. ಹಲಗೆಗಳನ್ನೆಲ್ಲ ಮತ್ತೆ ಪೆಟ್ಟಿಗೆಗೆ ತುಂಬಿ, ಕಾರಿಗೆ ಹೇರಿ, ಮುಂಬಾಗಿಲ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ ಅತ್ತೆಯನ್ನು ದಾಟಿಕೊಂಡು ಹೊರಟರು. ಪಾರ್ಕಿನ ಬೆಂಚಿನ ಪಕ್ಕ ಕೂತು ಇಡೀ ಮಧ್ಯಾಹ್ನ ತೊಟ್ಟಿಲು ಜೋಡಿಸಿದರು. ಜೋಡಿಸಿದ ಮೇಲೆ ಗೊತ್ತಾಯಿತು, ಅದು ಕಾರಿನೊಳಗೆ ಹಿಡಿಸುವುದಿಲ್ಲ. ಮತ್ತೆ ಬಿಚ್ಚಲು ಮನಸ್ಸು ಬರಲಿಲ್ಲ. ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಎಲ್ ಕಮೀನೋ ರಸ್ತೆಯುದ್ದಕ್ಕೂ, ನಮ್ಮ ಜನರ ಅಂಗಡಿ ಹೋಟೆಲುಗಳ ಮುಂದೆಯೇ ನಡೆದುಕೊಂಡು ಬಂದರು. ಕನ್ನಡ ಕೂಟದವರು ಯಾರೋ ಕಾರು ನಿಧಾನ ಮಾಡಿ, ಇನ್ನೂ ಇದೆಯಾ, ಎಲ್ಲಿ ಪುಕ್ಕಟೆ ಹಂಚುತ್ತಿದ್ದಾರೆ ಎಂದು ವಿಚಾರಿಸಿದರಂತೆ.

ಬೆವರು ಸುರಿಸಿಕೊಂಡು ಬಾಗಿಲಿಗೆ ಬಂದರೆ ಅತ್ತೆ ಎದ್ದು ಅಡ್ಡ ನಿಂತರು. “ಮಗಾ ಉಟ್ಟೋಗಂಟ ತೊಟ್ಲು ಮನೆ ಒಳಿಕ್ಕೆ ತರ್‌ಬಾರ್ದು ಕಣಪ್ಪ.”

ನಮ್ಮನೆಯವರು ತೊಟ್ಟಿಲ ಕೆಳಗಿನಿಂದಲೇ ಅಳುವ ದನಿಯಲ್ಲಿ ಕೇಳಿದರು, “ಅಮ್ಮ, ಹೊರಡುವಾಗ ನಿನ್ನ ಮುಂದೇನೇ ಹೋದೆನಲ್ಲ. ಆಗ್ಲೇ ಒಂದು ಮಾತು ಕೇಳಬಾರದಿತ್ತಾ?”

“ಎಂಗ್ ಕೇಳ್ಲಿ?” ಅಂದರು ಅತ್ತೆ. “ಒಂಟೋರ್ನ ಎಲ್ಲಿಗೆ ಅಂತ ಕೇಳ್‌ಬಾರ್ದಲ್ಲಪ್ಪಾ.”

ಉಗಿಯ ಮುಂದೆ

ಸಂಕ್ರಾಂತಿ ಕಳೆದ ಮೇಲೆ ಚೀನೀ ಹೊಸ ವರ್ಷ ಬಂತು. ಅದಕ್ಕೆ ಬಿಬಿಕ್ ಮನೆಯಲ್ಲಿ ‘ಕುಯೆ ಬಾಕುಲ್’ ಎಂಬ ಸಿಹಿ ಆಗಬೇಕು. ಅಂಟಕ್ಕಿಯ ಹಿಟ್ಟು, ಸಕ್ಕರೆ, ನೀರು, ಅಷ್ಟೇ ಸಾಮಾನು. ಬಾಳೆಲೆ ಹಾಸಿದ ಡಬ್ಬಿಗಳಲ್ಲಿ ಹೊಯ್ದು ಬೆಳಗಿನಿಂದ ಸಂಜೆಯವರೆಗೆ ಉಗಿಯಲ್ಲಿ ಬೇಯಿಸುವುದು. ಅದು ಹದವಾಗಿ ಬಂದರೆ ವರ್ಷ ಚೆನ್ನಾಗಿರುತ್ತದೆ, ಕೆಟ್ಟರೆ ವರ್ಷ ಕೆಟ್ಟಂತೆ. ಗಂಡ ತೀರಿಕೊಂಡ ಮೇಲೆ ಬಿಬಿಕ್ ಇದನ್ನು ನಿಲ್ಲಿಸಿಬಿಟ್ಟಿದ್ದರು. ಈ ಸಲ ತಾವಾಗಿಯೇ ಬಂದು, “ನಿನ್ನ ಮಗಳ ಹೆಸರಿನಲ್ಲಿ ಮಾಡ್ತೀನಿ. ನೀನೂ ನಿನ್ನತ್ತೆಯೂ ಬನ್ನಿ,” ಎಂದರು.

ಹೋಗುವ ಮೊದಲು ನಿಯಮ ಹೇಳಿದರು. ತಲೆಗೆ ಸ್ನಾನ ಮಾಡಿರಬೇಕು. ಕೆಟ್ಟ ಮಾತು ಆಡಬಾರದು. ಮುಖ ಗಂಟು ಹಾಕಬಾರದು. ಮನಸ್ಸಿನಲ್ಲಿ ಕೂಡ ಯಾರನ್ನೂ ಬೈಯಬಾರದು, ಉಗಿಗೆ ಗೊತ್ತಾಗುತ್ತೆ. ಎಲ್ಲಕ್ಕಿಂತ ಮುಖ್ಯ, ‘ಆಯ್ತಾ?’ ಎಂದು ಕೇಳಲೇಕೂಡದು. ಕೇಳಿದರೆ ಅದು ಬೇಯುವುದಿಲ್ಲ. ಬಸುರಿ ಒಳಗೆ ಬರುವಂತಿಲ್ಲ, ಹಾಗಾಗಿ ಮಗಳು ಗೋಡೆಯ ಈಚೆ ಉಳಿದಳು.

ಅತ್ತೆ ಎಲ್ಲವನ್ನೂ ಕೇಳಿ, “ನಮ್ಮೂರಲ್ಲಿ ದ್ಯಾವ್ರಿಗೆ ತಂಬಿಟ್ಟು ಮಾಡೋವಾಗ್ಲೂ ಇಂಗೇಯ,” ಎಂದು ಸೆರಗು ಸಿಕ್ಕಿಸಿದರು.

ಮೂವರೂ ಆ ಸಣ್ಣ ಅಡುಗೆಮನೆಯಲ್ಲಿ ಕೂತೆವು. ನೀರು ಕುದಿಯುವ ಸದ್ದು ಬಿಟ್ಟರೆ ಏನಿಲ್ಲ. ಮಧ್ಯೆ ಒಮ್ಮೆ ಅತ್ತೆ ನಾನು ತೊಳೆದಿಟ್ಟ ಬಾಳೆಲೆಯನ್ನೇ ಎತ್ತಿಕೊಂಡು ಮತ್ತೆ ತೊಳೆದರು. ನನ್ನೊಳಗೆ ಒಂದು ಮಾತು ಎದ್ದಿತು, ಅಲ್ಲೇ ಅದುಮಿ, ಉಗಿಯ ಕಡೆ ತಿರುಗಿ ಮನಸ್ಸಿನಲ್ಲೇ ತಪ್ಪಾಯಿತು ಅಂದೆ. ಅತ್ತೆಯೂ ಆಗಾಗ ಉಗಿಗೆ ಕೈ ಮುಗಿಯುತ್ತಿದ್ದುದನ್ನು ನೋಡಿದರೆ ಅವರಿಗೂ ನನ್ನ ಬಗ್ಗೆ ಏನೇನೋ ಮನಸ್ಸಿಗೆ ಬರುತ್ತಿತ್ತು ಎಂದು ಕಾಣುತ್ತದೆ. ಹೊತ್ತು ಏರಿದಂತೆ ಅದೂ ನಿಂತಿತು. ಗೋಡೆಯಾಚೆಯಿಂದ ಮಗಳು ಕೆಮ್ಮಿದ ಸದ್ದು ಕೇಳಿದಾಗಲೆಲ್ಲ ಮೂವರೂ ಒಟ್ಟಿಗೆ ಆ ಕಡೆ ನೋಡುತ್ತಿದ್ದೆವು. ಆ ಮಗು ಉಳಿಯಲಿ ಎಂಬುದೊಂದನ್ನು ಬಿಟ್ಟು ಆ ದಿನ ನಾನು ಇನ್ನೇನನ್ನೂ ಕೇಳಿಕೊಳ್ಳಲಿಲ್ಲ.

ಸಂಜೆ ಬಿಬಿಕ್ ಮುಚ್ಚಳ ತೆಗೆದರು. ಬೆಳಿಗ್ಗೆ ಹಾಲಿನ ಬಣ್ಣವಿದ್ದ ಹಿಟ್ಟು ಬೆಲ್ಲದ ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತಿತ್ತು, ಒಂದು ಬಿರುಕಿಲ್ಲ, ಒಂದು ಗುಳ್ಳೆಯಿಲ್ಲ. ನಾವು ಬೆಲ್ಲ ಹಾಕಿರಲಿಲ್ಲ, ಬಣ್ಣ ಹಾಕಿರಲಿಲ್ಲ. ನಾನು ಇಷ್ಟು ವರ್ಷ ಅಡುಗೆ ಮಾಡಿದ್ದೇನೆ, ಅಂಥದ್ದನ್ನು ನೋಡಿರಲಿಲ್ಲ. ಬಿಬಿಕ್ ಸರೋಂಗಿನ ತುದಿಯಲ್ಲಿ ಕಣ್ಣೊರೆಸಿಕೊಂಡರು. ಅತ್ತೆ ಅವರ ಬೆನ್ನು ಸವರಿದರು.

ಅಷ್ಟರಲ್ಲಿ ನಮ್ಮನೆಯವರು ಬಾಗಿಲಲ್ಲಿ ಬಂದು ನಿಂತಿದ್ದರು. ‘ಆಯ್ತಾ’ ಎಂದು ಕೇಳಿಬಿಟ್ಟಾರೆಂದು ನಾನು ಓಡಿಹೋಗಿ ಅವರ ಬಾಯಿ ಮುಚ್ಚಿದೆ. ಅವರು ನನ್ನ ಕೈ ಸರಿಸಿ, ನನ್ನನ್ನೂ ಅವರಮ್ಮನನ್ನೂ ಬೆರಗಿನಿಂದ ನೋಡಿದರು.

“ಅತ್ತೆ ಸೊಸೆ ಇಡೀ ದಿನ ಒಂದೇ ಅಡುಗೆಮನೆ, ಒಂದು ಜಗಳವಿಲ್ಲ,” ಅಂದರು. “ನನಗೆ ಪ್ರೂಫ್ ಸಿಕ್ಕಿತು.”

ಗಂಟು

ಮೇ ತಿಂಗಳ ಒಂದು ಬೆಳಿಗ್ಗೆ ಮಗಳಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಹೋದೆವು. ಅಳಿಯ ಒಳಗೆ, ನಾನು, ಅತ್ತೆ, ನಮ್ಮನೆಯವರು ಹೊರಗೆ. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ನರ್ಸು ಬಂದು “ಸ್ವಲ್ಪ ನಿಧಾನವಾಗ್ತಿದೆ” ಅಂದಳು.

ಬಿಬಿಕ್‌ಗೆ ಫೋನು ಮಾಡಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಕಟ್ಟಿದ್ದನ್ನೆಲ್ಲ ಬಿಚ್ಚಿ. ಒಂದು ಗಂಟೂ ಇರಬಾರದು. ನಿಮ್ಮ ಮನೆ ನಾನು ನೋಡಿಕೊಳ್ತೀನಿ,” ಎಂದು ಇಟ್ಟುಬಿಟ್ಟರು. ನಮ್ಮ ಮನೆಯ ಕೀ ಒಂದು ಅವರ ಹತ್ತಿರ ಇತ್ತು.

ಅತ್ತೆ ತಕ್ಷಣ ತುರುಬು ಬಿಚ್ಚಿ ಬಿಳಿ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡರು. ನಾನು ಜಡೆ ಬಿಚ್ಚಿದೆ, ಕೈಚೀಲದ ದಾರ ಬಿಚ್ಚಿದೆ, ಕೊರಳಿನ ಸ್ಕಾರ್ಫು ಬಿಚ್ಚಿದೆ. ಪ್ರೂಫ್ ಕೇಳಬೇಕಾದವರು ಬಾಯಿ ಬಿಡದೆ ಬಗ್ಗಿ ಎರಡೂ ಶೂಗಳ ಲೇಸು ಬಿಚ್ಚಿದರು. ಆಮೇಲೆ ಅವರ ಕಣ್ಣು ಎದುರು ಸಾಲಿಗೆ ಹೋಯಿತು. ಅಲ್ಲಿ ಒಬ್ಬ ದೊಡ್ಡ ಆಳು ಕೂತಲ್ಲೇ ನಿದ್ದೆ ಹೋಗಿದ್ದ. ಮೊಣಕಾಲವರೆಗಿನ ಬೂಟು, ಅದರ ತುಂಬ ಲೇಸು.

“ಬೇಡ ರೀ,” ಅಂದೆ ನಾನು.

“ಒಂದು ಗಂಟೂ ಇರಬಾರದು ಅಂದಿದ್ದಾರೆ,” ಎಂದು ನಮ್ಮನೆಯವರು ಮಂಡಿಯೂರಿ ಕೂತರು, ಮಂಡಿ ಬೆಲ್ಟಿನ ಸಮೇತ. ಒಂದು ಬೂಟು ಬಿಚ್ಚುವಷ್ಟರಲ್ಲಿ ಆ ಮನುಷ್ಯನಿಗೆ ಎಚ್ಚರವಾಯಿತು. ತನ್ನ ಕಾಲ ಬಳಿ ಒಬ್ಬ ಅಪರಿಚಿತ, ಹಿಂದೆ ಕೂದಲು ಕೆದರಿಕೊಂಡ ಇಬ್ಬರು ಹೆಂಗಸರು.

“ಏನು ಮಾಡ್ತಿದ್ದೀಯ?”

“ನನ್ನ ಮಗಳಿಗೆ ಹೆರಿಗೆ ಕಷ್ಟವಾಗ್ತಿದೆ,” ಅಂದರು ನಮ್ಮನೆಯವರು. ಲೇಸಿನ ತುದಿ ಇನ್ನೂ ಅವರ ಕೈಯಲ್ಲೇ ಇತ್ತು. “ಗಂಟು ಬಿಚ್ಚಬೇಕಂತೆ.”

ಆ ಮನುಷ್ಯ ಅವರ ಬಿಚ್ಚಿದ ಶೂ ಲೇಸುಗಳನ್ನು ನೋಡಿದ. ಆಮೇಲೆ ಬಗ್ಗಿ ಇನ್ನೊಂದು ಬೂಟಿನ ಲೇಸನ್ನು ತಾನೇ ಬಿಚ್ಚತೊಡಗಿದ. “ನನ್ನ ಹೆಂಡತಿಯೂ ಒಳಗಿದ್ದಾಳೆ,” ಅಂದ. ಬಿಚ್ಚಿ ಮುಗಿಸಿ, ಗಂಭೀರವಾಗಿ ಕೇಳಿದ: “ಬೆಲ್ಟೂ ಬಿಚ್ಚಬೇಕಾ?”

ಕೆಟ್ಟ ಮಗು

ಬೆಲ್ಟು ಬಿಚ್ಚುವ ಮೊದಲೇ ಸುದ್ದಿ ಬಂತು. ಹೆಣ್ಣು ಮಗು. ತಾಯಿ ಮಗು ಕ್ಷೇಮ. ನಾನು ಅಲ್ಲೇ ಗೋಳೋ ಎಂದು ಅತ್ತುಬಿಟ್ಟೆ. ಮನೆಗೆ ಹೋಗಿ ನೋಡಿದರೆ ಕಪಾಟು, ಡ್ರಾಯರು, ಕಿಟಕಿ, ಬೇಳೆ ಡಬ್ಬಿ, ಉಪ್ಪಿನಕಾಯಿ ಭರಣಿ, ಪ್ರತಿಯೊಂದರ ಬಾಯನ್ನೂ ಬಿಬಿಕ್ ತೆರೆದಿಟ್ಟಿದ್ದರು. ಸಕ್ಕರೆಗೆ ಇರುವೆ ಮುತ್ತಿತ್ತು. ನಾನು ಇರುವೆಗಳಿಗೂ ಏನೂ ಅನ್ನಲಿಲ್ಲ.

ಮಾರನೆಯ ದಿನ ಬಿಬಿಕ್‌ರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಕಾರಿನಲ್ಲೇ ಬಿಬಿಕ್ ಎಚ್ಚರಿಸಿದರು. ಮಗುವನ್ನು ಚೆಂದ ಅನ್ನಕೂಡದು, ಅಂದರೆ ಕೆಟ್ಟ ಕಣ್ಣು ಕೇಳಿಸಿಕೊಳ್ಳುತ್ತೆ. ಕೆಟ್ಟದಾಗಿದೆ, ನಾರುತ್ತೆ ಅನ್ನಬೇಕು. ಇದನ್ನು ಅತ್ತೆಗೆ ಕನ್ನಡ ಮಾಡಿ ಹೇಳಬೇಕಾಗಲೇ ಇಲ್ಲ, ಅವರು ಆಗಲೇ ಕಾಡಿಗೆ ಡಬ್ಬಿ ಹಿಡಿದು ಕೂತಿದ್ದರು.

ಅಳಿಯ ಕಾರಿನಲ್ಲಿ ಮಗುವಿನ ಸೀಟು ಕಟ್ಟಲು ಕೆಳಗೆ ಹೋಗಿದ್ದ. ಮಗಳು ಮಗುವನ್ನು ಎದೆಗೆ ಅವುಚಿಕೊಂಡಿದ್ದಳು, ಬಾಯಲ್ಲಿ ಒಂದು ಮಾತಿಲ್ಲ. ಒಂಬತ್ತು ತಿಂಗಳೂ ಹಾಗೇ ಇದ್ದಳು, ಆಸೆಯ ಮಾತು ಆಡಿದರೆ ಎಲ್ಲಿ ಕೈತಪ್ಪುತ್ತೋ ಎಂಬಂತೆ. ನರ್ಸು ನಗುತ್ತಾ ಒಳಗೆ ಬಂದಳು. “ಎಷ್ಟು ಮುದ್ದಾದ ಮಗು ಅಲ್ಲವಾ?”

ನಾವು ಮೂವರೂ ಹೆಂಗಸರು ಬೆಚ್ಚಿದೆವು. ಆದರೆ ಎಲ್ಲರಿಗಿಂತ ಮುಂಚೆ ಎದ್ದು ನಿಂತವರು ನಮ್ಮನೆಯವರು. ಕೊರಳು ಸರಿಮಾಡಿಕೊಂಡು, ಆಫೀಸಿನ ಮೀಟಿಂಗಿನ ಇಂಗ್ಲಿಷಿನಲ್ಲಿ ಹೇಳಿದರು: “ಇಲ್ಲ, ಇಲ್ಲ. ಮಗು ಬಹಳ ಕೆಟ್ಟದಾಗಿದೆ. ನಾರುತ್ತದೆ ಕೂಡ. ಧನ್ಯವಾದಗಳು.”

ನರ್ಸಿನ ನಗು ಮಾಯವಾಯಿತು. ಅತ್ತೆ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಒತ್ತುತ್ತಿದ್ದರು. ಅದನ್ನೂ ನೋಡಿ ಸರಸರನೆ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಬೇರೊಬ್ಬಳು ಬಂದಳು. ಆಸ್ಪತ್ರೆಯ ಸೋಷಿಯಲ್ ವರ್ಕರು, ಬಾಣಂತಿಯರ ಮನೆಯ ಪರಿಸ್ಥಿತಿ ವಿಚಾರಿಸುವುದು ಅವಳ ಕೆಲಸ. ಕುರ್ಚಿ ಎಳೆದು ಕೂತು, ಬಹಳ ಮೃದುವಾಗಿ ಕೇಳಿದಳು, “ಈ ಮಗುವಿನ ಬಗ್ಗೆ ಮನೆಯಲ್ಲಿ ಯಾರಿಗಾದರೂ ಬೇಸರವಿದೆಯಾ?”

“ಮೂಗು ನೋಡಿ,” ಅಂದರು ಬಿಬಿಕ್. “ಇಂಥ ಕೆಟ್ಟ ಮೂಗು ನಾನು ಮಲಾಕಾದಲ್ಲೂ ನೋಡಿಲ್ಲ.”

ನಮ್ಮನೆಯವರು ಇದು ಮುನ್ನೆಚ್ಚರಿಕೆಯ ಕ್ರಮ, ಏನೂ ಆಗುವುದಿಲ್ಲ ಅನ್ನುವುದಕ್ಕೆ ನಿಮ್ಮ ಹತ್ತಿರ ಪ್ರೂಫ್ ಇದೆಯಾ ಎಂದೆಲ್ಲ ವಿವರಿಸಲು ಹೊರಟರು. ಅವಳ ಹುಬ್ಬು ಇನ್ನಷ್ಟು ಗಂಟಾಯಿತು. ಈ ಮಗುವಿಗಾಗಿ ಹೊಸ್ತಿಲು ಬಿಟ್ಟು, ಸುತ್ತಿಗೆ ಬಿಟ್ಟು, ಜಗಳ ಕೂಡ ಬಿಟ್ಟವರು ನಾವು. ಈಗ ನಮಗೇ ಮಗು ಬೇಡವಾಗಿದೆ ಎಂದು ಬರೆದುಕೊಂಡು ಹೋಗುತ್ತಾಳಲ್ಲ ಎಂದು ನನಗೆ ಕಳವಳ ಶುರುವಾಯಿತು. ಅವಳು ನಮ್ಮನ್ನೆಲ್ಲ ಬಿಟ್ಟು ಮಗಳ ಕಡೆ ತಿರುಗಿದಳು. “ನೀವು ಹೇಳಿ. ನಿಮಗೆ ಈ ಮಗುವನ್ನು ನೋಡಿದರೆ ಏನನ್ನಿಸುತ್ತೆ?”

ಮಗಳು ಮಗುವಿನ ಮುಖವನ್ನೇ ನೋಡುತ್ತಿದ್ದಳು. ಕಣ್ಣಿಂದ ನೀರು ಇಳಿದು ಮಗುವಿನ ಬಟ್ಟೆಯ ಮೇಲೆ ಬಿತ್ತು. ಅವಳು ನನ್ನ ಕಡೆ ನೋಡಿ, ಹುಟ್ಟಿದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ಕನ್ನಡದಲ್ಲಿ ಕೇಳಿದಳು:

“ಅಮ್ಮಾ, ಇದು ತುಂಬಾ ಕೆಟ್ಟದಾಗಿದೆ ಅಲ್ವಾ?”

“ಹೌದು ಕಣೇ,” ಅಂದೆ ನಾನು. “ಇಷ್ಟು ಕೆಟ್ಟ ಮಗು ಯಾರ ಮನೆಯಲ್ಲೂ ಇಲ್ಲ.”

“ಏನಂದರು?” ಎಂದು ಸೋಷಿಯಲ್ ವರ್ಕರು ನಮ್ಮನೆಯವರನ್ನು ಕೇಳಿದಳು.

ನಮ್ಮನೆಯವರು ಕಣ್ಣೊರೆಸಿಕೊಳ್ಳುತ್ತಾ ಪ್ರಾಮಾಣಿಕವಾಗಿ ಅನುವಾದ ಮಾಡಿದರು.

ಅವಳು ಮಗಳ ತೋಳನ್ನು ನೋಡಿದಳು, ಅದು ಮಗುವನ್ನು ಹಿಡಿದಿದ್ದ ರೀತಿಯನ್ನು ನೋಡಿದಳು, ಕೆನ್ನೆಯ ಕಪ್ಪು ಬೊಟ್ಟನ್ನು ನೋಡಿದಳು. ಫೈಲು ಮುಚ್ಚಿ ಎದ್ದಳು. ಇನ್ನು ಯಾರನ್ನು ಕರೆತರುತ್ತಾಳೋ ಎಂದು ನಾನು ಅತ್ತೆಯ ಕೈ ಹಿಡಿದುಕೊಂಡೆ. ಅವಳು ಬಾಗಿಲವರೆಗೆ ಹೋಗಿ, ಹೊರಗೆ ಆ ಕಡೆ ಈ ಕಡೆ ನೋಡಿ, ಬಾಗಿಲು ಮುಚ್ಚಿ ವಾಪಸು ಬಂದಳು.

“ನಮ್ಮಜ್ಜಿ ಮೆಕ್ಸಿಕೋದವಳು,” ಎಂದು ದನಿ ತಗ್ಗಿಸಿ ಹೇಳಿದಳು. “ಮನಸ್ಸಿನಲ್ಲಿ ಮೆಚ್ಚಿಕೊಂಡರೂ ಸಾಕು, ಮಗುವನ್ನು ಒಂದು ಸಲ ಮುಟ್ಟಲೇಬೇಕು, ಇಲ್ಲದಿದ್ದರೆ ದೃಷ್ಟಿ ತಾಗುತ್ತೆ ಅಂತಿದ್ದಳು.” ಬೆರಳ ತುದಿಯಿಂದ ನಮ್ಮ ಮೊಮ್ಮಗಳ ಹಣೆಯನ್ನು ಮುಟ್ಟಿದಳು. ಆಮೇಲೆ ಮುಖ ಸಿಂಡರಿಸಿಕೊಂಡು, ಕೆಟ್ಟ ಕಣ್ಣು ಎಲ್ಲೇ ಇದ್ದರೂ ಕೇಳಿಸಲಿ ಎನ್ನುವಂತೆ ಗಟ್ಟಿಯಾಗಿ ಹೇಳಿದಳು:

“ಅಬ್ಬಾ, ನೋಡಲಾಗುತ್ತಿಲ್ಲ.”